ಗುಳಿಗೆಯ ಬದಲು ದ್ರವ: ಪ್ರತಿಜೀವಕ ಔಷಧಗಳ ರೂಪಾಂತರ ವಿಚಾರ

ಔಷಧವೆಂದರೆ ಕೇವಲ ದ್ರವ್ಯವಲ್ಲ. ದ್ರವ್ಯ, ಅದರ ಪ್ರಮಾಣ, ಅದಕ್ಕೆ ಕೊಟ್ಟ ರೂಪ, ಸೇವಿಸುವ ಕಾಲ, ಸೇವಿಸುವಾಗ ಜೊತೆಗೂಡುವ ಅನುಪಾನ ಇವೈದೂ ಒಂದುಗೂಡಿದಾಗಲೇ ಅದು ಔಷಧವೆನಿಸಿಕೊಳ್ಳುತ್ತದೆ. ನಮ್ಮ ಪ್ರಾಚೀನ ವೈದ್ಯಗ್ರಂಥಕಾರರು ಈ ಮಾತಿಗೆ ಎಷ್ಟು ಬೆಲೆ ಕೊಟ್ಟಿದ್ದರೆಂಬುದಕ್ಕೆ ಔಷಧಕಲ್ಪನೆಗೆಂದೇ ಅವರು ಮೀಸಲಿಟ್ಟ ಅಧ್ಯಾಯಗಳು ಸಾಕ್ಷಿಯಾಗಿವೆ. ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಕಷಾಯಕಲ್ಪನೆಗಳೇ ಐದು. ಅವುಗಳಾಚೆಗೆ ಚೂರ್ಣ, ಗುಟಿಕೆ, ಲೇಹ್ಯ, ಘೃತ, ತೈಲ, ಆಸವ, ಅರಿಷ್ಟ ಎಂದು ರೂಪಗಳ ಪರಂಪರೆ ಬೆಳೆಯುತ್ತದೆ. ಒಂದೇ ಮೂಲಿಕೆಯಾದರೂ ಅದು ತಾಳಿದ ರೂಪಕ್ಕೆ ತಕ್ಕಂತೆ ಅದರ ಅಳತೆ ಬೇರೆ, ಬಾಳಿಕೆ ಬೇರೆ. ಚೂರ್ಣವನ್ನು ಕುಡಿಯುವ ಅಳತೆಯಲ್ಲಿ ಕಷಾಯವನ್ನು ಕುಡಿದವನೂ, ಕಷಾಯದ ಅಳತೆಯಲ್ಲಿ ಚೂರ್ಣವನ್ನು ನುಂಗಿದವನೂ ಹಿಂದಿನ ಪಂಡಿತರ ದೃಷ್ಟಿಯಲ್ಲಿ ಮದ್ದು ತಿಂದವರೇ ಅಲ್ಲ.

ಈ ಎಚ್ಚರ ಇಂದಿನ ಮನೆಗಳಲ್ಲಿ ಸಡಿಲವಾಗಿದೆ. ಅದೂ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಪ್ರತಿಜೀವಕಗಳ ವಿಷಯದಲ್ಲಿ, ಎಂದರೆ ಜನರು ಆಂಟಿಬಯಾಟಿಕ್ ಎಂದು ಕರೆಯುವ ಔಷಧಗಳ ವಿಷಯದಲ್ಲಿ, ಸಡಿಲವಾಗಿದೆ. ವಿಷಯ ತಿಳಿಯಾಗುವಂತೆ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿನಂಥ ಊರಿನ ಒಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ಎಪ್ಪತ್ತು ದಾಟಿದ ಅಜ್ಜಿಯೊಬ್ಬಳಿಗೆ ಜ್ವರ, ಕಫ. ಆಕೆಗೆ ಮೊದಲಿನಿಂದಲೂ ಸಕ್ಕರೆಯ ಕಾಯಿಲೆ. ವೈದ್ಯರು ಪರೀಕ್ಷಿಸಿ ಐದು ದಿನಗಳಿಗೆ ೬೨೫ ಎಂಬ ಅಂಕಿಯ ಗುಳಿಗೆಗಳನ್ನು ಬರೆದುಕೊಟ್ಟಿದ್ದಾರೆ. ಗುಳಿಗೆ ದಪ್ಪ, ಹೆಬ್ಬೆರಳ ಉಗುರಿಗಿಂತ ಉದ್ದ. ಮೊದಲನೆಯ ದಿನವೇ ಅದು ಗಂಟಲಿನಲ್ಲಿ ನಿಂತು ಅಜ್ಜಿ ಗಾಬರಿಯಾದಳು.

“ಗಂಟಲದಾಗ ಸಿಗಿಬೀಳ್ತೈತಿ ಯವ್ವಾ, ನನ್ನ ಕೈಲೆ ಆಗೂದಿಲ್ಲ” ಎಂದಳು.

ಸೊಸೆಗೆ ಗೂಡಿನಲ್ಲಿದ್ದ ಸೀಸೆ ನೆನಪಾಯಿತು. ಮೊಮ್ಮಗನಿಗೆ ಕಿವಿನೋವು ಬಂದಾಗ ತಂದದ್ದು, ಅರ್ಧ ಉಳಿದಿತ್ತು. ಹೊರಪಟ್ಟಿಯ ಹೆಸರು ಗುಳಿಗೆಯ ಹಾಳೆಯ ಮೇಲಿನ ಹೆಸರೇ. “ಅತ್ತಿ, ಅದ ಔಷಧ ಐತಿ. ಇದನ್ನರ ಕುಡೀರಿ” ಎಂದು ಅಡುಗೆಮನೆಯ ಚಮಚೆಯಲ್ಲಿ ಒಂದು ಚಮಚೆ ಕುಡಿಸಿದಳು.

ಸೊಸೆಯ ಮನಸ್ಸಿನಲ್ಲಿ ಅಕ್ಕರೆಯಿತ್ತು, ಜಾಣತನವೂ ಇತ್ತು. ಹೆಸರನ್ನು ಓದಿ ಹೋಲಿಸಿ ನೋಡುವಷ್ಟು ತಿಳಿವಳಿಕೆ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಆದರೂ ಈ ಒಂದು ಚಮಚೆಯೊಳಗೆ ಮೂರು ತಪ್ಪುಗಳು ಕೂಡಿಕೊಂಡಿವೆ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಪ್ರತಿಜೀವಕವನ್ನು ಗುಳಿಗೆಯಿಂದ ದ್ರವಕ್ಕೆ ಬದಲಾಯಿಸುವುದೆಂದರೇನೆಂಬುದು ಅರ್ಥವಾಗುತ್ತದೆ.

ಮೊದಲನೆಯದು ಅಂಕಿಯ ತಪ್ಪು. ೬೨೫ ಎಂಬುದು ಒಂದು ದ್ರವ್ಯದ ತೂಕವಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದೊಂದು ದ್ವಂದ್ವ ಸಮಾಸ. ಅದನ್ನು ವಿಗ್ರಹಿಸಿದರೆ ಅಮಾಕ್ಸಿಸಿಲಿನ್ ೫೦೦ ಮಿಲಿಗ್ರಾಂ, ಕ್ಲಾವುಲಾನಿಕ್ ಆಮ್ಲ ೧೨೫ ಮಿಲಿಗ್ರಾಂ ಎಂದಾಗುತ್ತದೆ. ಅಮಾಕ್ಸಿಸಿಲಿನ್ ಸೂಕ್ಷ್ಮಾಣುಗಳನ್ನು ಕೊಲ್ಲುವ ದ್ರವ್ಯ. ಕೆಲವು ಸೂಕ್ಷ್ಮಾಣುಗಳು ಅದನ್ನು ಮುರಿಯುವ ಕಿಣ್ವವೊಂದನ್ನು ತಾವೇ ಸ್ರವಿಸುತ್ತವೆ. ಆ ಕಿಣ್ವವನ್ನು ಕಟ್ಟಿಹಾಕುವುದು ಕ್ಲಾವುಲಾನಿಕ್ ಆಮ್ಲದ ಕೆಲಸ. ಒಂದು ಯೋಧನಾದರೆ ಇನ್ನೊಂದು ಅವನ ಗುರಾಣಿ. ಗುಳಿಗೆಯಲ್ಲಿ ಇವೆರಡರ ಅನುಪಾತ ನಾಲ್ಕಕ್ಕೆ ಒಂದು.

ಮಕ್ಕಳ ಸೀಸೆಯ ಮೇಲೆ ಸಾಮಾನ್ಯವಾಗಿ ಕಾಣುವ ಅಂಕಿ ೨೨೮.೫. ಇದನ್ನು ವಿಗ್ರಹಿಸಿದರೆ ಪ್ರತಿ ೫ ಮಿಲಿಲೀಟರಿಗೆ ಅಮಾಕ್ಸಿಸಿಲಿನ್ ೨೦೦, ಕ್ಲಾವುಲಾನಿಕ್ ಆಮ್ಲ ೨೮.೫ ಮಿಲಿಗ್ರಾಂ ಎಂದಾಗುತ್ತದೆ. ಇಲ್ಲಿ ಅನುಪಾತ ಏಳಕ್ಕೆ ಒಂದು. ಅಜ್ಜಿಗೆ ಗುಳಿಗೆಯಲ್ಲಿದ್ದಷ್ಟೇ ಅಮಾಕ್ಸಿಸಿಲಿನ್ ಸಲ್ಲಬೇಕಾದರೆ ೧೨.೫ ಮಿಲಿಲೀಟರ್ ದ್ರವ ಬೇಕು. ಆದರೆ ಆಗ ಗುರಾಣಿಯ ಭಾಗ ೧೨೫ಕ್ಕೆ ಬದಲಾಗಿ ೭೧ ಮಿಲಿಗ್ರಾಂ ಮಾತ್ರ. ಗುರಾಣಿಯನ್ನು ಸರಿತೂಗಿಸಹೋದರೆ ಸುಮಾರು ೨೨ ಮಿಲಿಲೀಟರ್ ಕುಡಿಸಬೇಕು. ಆಗ ಅಮಾಕ್ಸಿಸಿಲಿನ್ ೮೭೭ ಮಿಲಿಗ್ರಾಮಿಗೆ ಏರುತ್ತದೆ. ಆ ಸೀಸೆಯಿಂದ ಆ ಗುಳಿಗೆಗೆ ಸರಿಸಮಾನವಾದ ಗುಟುಕನ್ನು ಲೆಕ್ಕ ಹಾಕಿ ತೆಗೆಯುವುದು ಸಾಧ್ಯವೇ ಇಲ್ಲ. ೧೨೫ ಮತ್ತು ೩೧.೨೫ ಎಂಬ ಬೇರೊಂದು ಮಿಶ್ರಣದ ದ್ರವವೂ ಉಂಟು. ಅದರಲ್ಲಿ ಗುಳಿಗೆಯ ಅನುಪಾತವೇ ಇರುವುದರಿಂದ ೨೦ ಮಿಲಿಲೀಟರು ಗುಳಿಗೆಗೆ ಸಮನಾಗುತ್ತದೆ. ಹೊರಪಟ್ಟಿಯ ದೊಡ್ಡಕ್ಷರದ ಹೆಸರು ಎರಡು ಸೀಸೆಗಳಿಗೂ ಒಂದೇ ಇರಬಹುದು.

ಇದೇ ಮಾತು ಗುಳಿಗೆಗಳ ನಡುವೆಯೂ ಸಲ್ಲುತ್ತದೆ. ೬೨೫ರ ಗುಳಿಗೆ ಅಂಗಡಿಯಲ್ಲಿ ಸಿಗದಾಗ ೩೭೫ರ ಚಿಕ್ಕ ಗುಳಿಗೆ ಎರಡನ್ನು ನುಂಗಿದರೆ ಸ್ವಲ್ಪ ಹೆಚ್ಚಾದರೂ ಹಾನಿಯೇನೆಂದು ಕೇಳುವವರಿದ್ದಾರೆ. ೩೭೫ರಲ್ಲಿ ಅಮಾಕ್ಸಿಸಿಲಿನ್ ೨೫೦, ಕ್ಲಾವುಲಾನಿಕ್ ಆಮ್ಲ ೧೨೫. ಎರಡು ನುಂಗಿದರೆ ಮೊದಲನೆಯದು ಸರಿಯಾಗುತ್ತದೆ, ಎರಡನೆಯದು ಇಮ್ಮಡಿಯಾಗುತ್ತದೆ. ಹೊಟ್ಟೆ ಕೆಟ್ಟು ಭೇದಿಯಾಗುವ ಸಂಭವ ಹೆಚ್ಚುತ್ತದೆ.

ಎರಡನೆಯದು ಕಾಲದ ತಪ್ಪು. ಈ ಬಗೆಯ ಔಷಧವನ್ನು ಅಂಗಡಿಯವರು ಒಣಪುಡಿಯಾಗಿ ಕೊಡುತ್ತಾರೆ. ಜನ ಅದನ್ನು ಡ್ರೈ ಸಿರಪ್ ಎನ್ನುತ್ತಾರೆ. ಪೆನಿಸಿಲಿನ್ ಬಳಗದ ಔಷಧಗಳು ನೀರಿನಲ್ಲಿ ಬಹುಕಾಲ ನಿಲ್ಲಲಾರವು. ಅವುಗಳ ಶಕ್ತಿಯೆಲ್ಲ ಅಡಗಿರುವ ನಾಲ್ಕು ಕೋನದ ಅಣುಬಂಧವನ್ನು ನೀರು ಮೆಲ್ಲಮೆಲ್ಲನೆ ಬಿಚ್ಚಿಹಾಕುತ್ತದೆ. ಆದುದರಿಂದಲೇ ತಯಾರಕರು ನೀರನ್ನು ಹಾಕದೆ ಪುಡಿಯನ್ನು ಕಳುಹಿಸಿ, ನೀರು ಬೆರೆಸುವ ಹೊಣೆಯನ್ನು ಮನೆಯವರಿಗೆ ಬಿಟ್ಟಿದ್ದಾರೆ. ಬೆರೆಸಿದ ಮೇಲೆ ನಮ್ಮಲ್ಲಿಯ ಸೀಸೆಗಳ ಸೂಚನೆ ಸಾಮಾನ್ಯವಾಗಿ ಏಳು ದಿನ; ಕ್ಲಾವುಲಾನಿಕ್ ಆಮ್ಲ ಕೂಡಿದ್ದಾದರೆ ಶೀತಕಪೆಟ್ಟಿಗೆಯಲ್ಲಿ, ಎಂದರೆ ಫ್ರಿಜ್ಜಿನಲ್ಲಿ ಇಡತಕ್ಕದ್ದು. ಗೂಡಿನಲ್ಲಿದ್ದ ಸೀಸೆಗೆ ನೀರು ಬೆರೆಸಿ ಮೂರು ವಾರವಾಗಿತ್ತು. ಪೆಟ್ಟಿಗೆಯ ಮೇಲೆ ಅಚ್ಚಾದ ಕೊನೆಯ ದಿನಾಂಕ ಇನ್ನೂ ಒಂದು ವರ್ಷದಾಚೆಗಿತ್ತೆಂಬುದು ನಿಜ. ಆದರೆ ಆ ದಿನಾಂಕ ಒಣಪುಡಿಯ ಆಯುಷ್ಯ, ದ್ರವದ್ದಲ್ಲ.

ಈ ಭೇದ ನಮ್ಮವರಿಗೆ ಹೊಸದಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಶಾರ್ಙ್ಗಧರಸಂಹಿತೆಯು ಔಷಧಗಳ ಬಾಳಿಕೆಯನ್ನು ರೂಪಕ್ಕೆ ತಕ್ಕಂತೆ ಬೇರೆಬೇರೆಯಾಗಿಯೇ ಗೊತ್ತುಪಡಿಸಿದೆ: ಚೂರ್ಣಕ್ಕೆ ಎರಡು ತಿಂಗಳು, ಗುಟಿಕೆಗೂ ಲೇಹ್ಯಕ್ಕೂ ಒಂದು ವರ್ಷ, ಆಸವಗಳಾದರೋ ಹಳೆಯದಾದಷ್ಟೂ ಗುಣವುಳ್ಳವು. ಕಷಾಯವನ್ನು ಅಂದಂದೇ ಕಾಸಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ನಿನ್ನೆಯ ಕಷಾಯವನ್ನು ಚೆಲ್ಲುವ ಕೈಯೇ ಮೂರು ವಾರದ ಪ್ರತಿಜೀವಕವನ್ನು ಜೋಪಾನ ಮಾಡಿಡುತ್ತದೆ. ದುಡ್ಡು ಕೊಟ್ಟು ತಂದದ್ದೆಂಬ ಮಮತೆಯಲ್ಲದೆ ಇದಕ್ಕೆ ಬೇರೆ ಕಾರಣ ತೋರುವುದಿಲ್ಲ.

ನೀರು ಬೆರೆಸುವ ಕ್ರಮವನ್ನೂ ಇಲ್ಲಿಯೇ ಹೇಳುವುದು ಲೇಸು. ಮೊದಲು ಸೀಸೆಯನ್ನು ತಟ್ಟಿ ಪುಡಿಯನ್ನು ಸಡಿಲಗೊಳಿಸಬೇಕು. ಕಾಯಿಸಿ ಆರಿಸಿದ ನೀರನ್ನು, ಅಥವಾ ಪೆಟ್ಟಿಗೆಯಲ್ಲಿಯೇ ಶುದ್ಧ ನೀರಿನ ಪುಟ್ಟ ಸೀಸೆಯಿದ್ದರೆ ಅದನ್ನು, ಸ್ವಲ್ಪ ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನ ಗೆರೆಯವರೆಗೆ ಮತ್ತೆ ತುಂಬಿ ಪುನಃ ಕುಲುಕಬೇಕು. ಬಿಸಿನೀರು ಸಲ್ಲದು. ನೊರೆಯನ್ನೇ ದ್ರವವೆಂದು ಭಾವಿಸಿ ಗೆರೆಗೆ ಮೊದಲೇ ನಿಲ್ಲಿಸಿದರೆ ಔಷಧ ಗಟ್ಟಿಯಾಗುತ್ತದೆ, ಗೆರೆ ದಾಟಿದರೆ ತೆಳ್ಳಗಾಗುತ್ತದೆ. ಇಷ್ಟಾದರೂ ಅದು ಸಕ್ಕರೆ ಕರಗಿದಂತೆ ಕರಗಿದ ದ್ರವವಲ್ಲ. ಸೂಕ್ಷ್ಮಕಣಗಳು ತೇಲಾಡುವ ನಿಲಂಬನ. ಸುಣ್ಣದ ತಿಳಿನೀರನ್ನೂ ಅಡಿಯ ಗಸಿಯನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿಸಲವೂ ಕುಲುಕದೆ ಬಗ್ಗಿಸಿದರೆ ಮೊದಲ ದಿನಗಳಲ್ಲಿ ತಿಳಿಯನ್ನೂ ಕೊನೆಯ ದಿನ ಗಸಿಯನ್ನೂ ಕುಡಿಸಿದಂತಾಗುತ್ತದೆ. ನೀರು ಬೆರೆಸಿದ ದಿನಾಂಕವನ್ನು ಸೀಸೆಯ ಮೇಲೆಯೇ ಬರೆದಿಡುವ ಅಭ್ಯಾಸವನ್ನು ಪ್ರಸಾದನಿಲಯಗಳ ಮೇಲ್ವಿಚಾರಕರು ಮಾಡಿಕೊಂಡರೆ ಬಹಳ ಉಪಕಾರವಾಗುತ್ತದೆ. ನೂರು ಹುಡುಗರಿರುವ ಕಡೆ ಯಾರ ಸೀಸೆ, ಎಂದು ಬೆರೆಸಿದ್ದು ಎಂಬುದು ಮೂರೇ ದಿನಗಳಲ್ಲಿ ಮರೆತುಹೋಗುತ್ತದೆ.

ಮೂರನೆಯದು ಚಮಚೆಯ ತಪ್ಪು. ವೈದ್ಯರ ಚೀಟಿಯಲ್ಲಿ ಒಂದು ಚಮಚೆಯೆಂದಿದ್ದರೆ ೫ ಮಿಲಿಲೀಟರ್ ಎಂದರ್ಥ. ಮನೆಯ ಚಮಚೆ ಯಾರ ಅಳತೆಗೂ ಒಳಪಟ್ಟದ್ದಲ್ಲ. ಸಕ್ಕರೆ ಡಬ್ಬಿಯ ಚಮಚೆ ಮೂರು ಮಿಲಿಲೀಟರಿಗೂ ನಿಲ್ಲಬಹುದು, ಉಪ್ಪಿಟ್ಟು ತಿನ್ನುವ ಚಮಚೆ ಹತ್ತನ್ನೂ ದಾಟಬಹುದು. ಹಿಂದಿನವರು ಗುಲಗಂಜಿಯನ್ನೂ ತೊಲವನ್ನೂ ಹಿಡಿದು ತೂಗಿದವರು. ಹಸುಗೂಸಿಗೆ ಮೊದಲ ತಿಂಗಳಲ್ಲಿ ಗುಲಗಂಜಿಯೊಂದರ ತೂಕದಷ್ಟು ಔಷಧ, ಆಮೇಲೆ ತಿಂಗಳಿಗೊಂದು ಗುಲಗಂಜಿಯ ಏರಿಕೆ ಎಂದು ಶಾರ್ಙ್ಗಧರನು ಲೆಕ್ಕ ಕಟ್ಟಿದ್ದಾನೆ. ಇಂದಿನ ವೈದ್ಯರು ಮಗುವಿನ ವಯಸ್ಸಿಗಿಂತ ತೂಕವನ್ನು ಹಿಡಿದು ಲೆಕ್ಕ ಮಾಡುತ್ತಾರೆ. ಅಷ್ಟು ಸೂಕ್ಷ್ಮವಾದ ಲೆಕ್ಕ ಅಡುಗೆಮನೆಯ ಚಮಚೆಗೆ ಬಂದು ಮುಟ್ಟುವ ಹೊತ್ತಿಗೆ ಹಾಳಾಗುತ್ತದೆ. ಸೀಸೆಯ ಜೊತೆಗೆ ಬರುವ ಗೆರೆಯುಳ್ಳ ಮುಚ್ಚಳವನ್ನು, ಪುಟ್ಟ ಕೂಸಾದರೆ ಸೂಜಿಯಿಲ್ಲದ ಸಿರಿಂಜನ್ನು ಬಳಸುವುದೇ ಸರಿ.

ಹೀಗೆ ಆ ಒಂದು ಚಮಚೆಯಲ್ಲಿ ಅಜ್ಜಿಗೆ ದೊರೆತದ್ದು ೫೦೦ಕ್ಕೆ ಬದಲಾಗಿ ಹೆಚ್ಚೆಂದರೆ ೨೦೦ ಮಿಲಿಗ್ರಾಂ. ಅದೂ ಮೂರು ವಾರದ ನೀರಿನಲ್ಲಿ ಬಹುಭಾಗ ಸತ್ತುಹೋದದ್ದು. ಪ್ರತಿಜೀವಕವಲ್ಲದ ಬೇರೆ ಔಷಧವಾಗಿದ್ದರೆ ಗುಣ ಕಡಿಮೆಯಾಯಿತೆಂದು ಸುಮ್ಮನಿರಬಹುದಿತ್ತು. ಇಲ್ಲಿ ಹಾಗಲ್ಲ. ಅಳತೆಗೆಟ್ಟ ಪ್ರತಿಜೀವಕ ದುರ್ಬಲವಾದ ಸೂಕ್ಷ್ಮಾಣುಗಳನ್ನು ಕೊಂದು ಬಲಿಷ್ಠವಾದವನ್ನು ಉಳಿಸುತ್ತದೆ. ಉಳಿದವು ಬೆಳೆದು ಹಬ್ಬುತ್ತವೆ, ಮುಂದೆ ಅದೇ ಔಷಧಕ್ಕೆ ಜಗ್ಗುವುದಿಲ್ಲ. ಬೆಳೆಗೆ ಅರ್ಧಂಬರ್ಧ ಔಷಧ ಹೊಡೆದು ಕೀಟಗಳನ್ನು ಪಳಗಿಸಿಬಿಟ್ಟ ಹತ್ತಿಯ ರೈತರಿಗೆ ಈ ಅನುಭವ ಬೇರೆ ದಾರಿಯಿಂದ ಬಂದಿದೆ. ಕೇಂದ್ರ ಸರ್ಕಾರವು ೨೦೧೬ರಲ್ಲಿ ಗುಳಿಗೆಯ ಹಾಳೆಗಳ ಮೇಲಿನ ಕೆಂಪು ಗೆರೆಯನ್ನು ಕುರಿತು ಪ್ರಚಾರ ಕೈಗೊಂಡಿತು. ಆ ಗೆರೆಯಿರುವ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಸೇವಿಸಬಾರದು ಎಂಬುದು ಅದರ ಸಾರಾಂಶ. ಗೆರೆ ಎಲ್ಲ ಮನೆಗಳಲ್ಲಿಯೂ ಇದೆ. ಅದರ ಅರ್ಥವನ್ನು ಬಲ್ಲವರು ಎಷ್ಟು ಮಂದಿಯೋ.

ಹಾಗಾದರೆ ಗುಳಿಗೆಗೆ ಸಮನಾದ ದ್ರವವೆಂಬುದೇ ಇಲ್ಲವೇ? ಉಂಟು. ಕೋ-ಟ್ರೈಮಾಕ್ಸಜೋಲ್ ಎಂಬ ಹಳೆಯ ಔಷಧವನ್ನು ನೋಡಬಹುದು. ಅದರ ಸಾಧಾರಣ ಗುಳಿಗೆಯಲ್ಲಿ ಟ್ರೈಮೆಥೋಪ್ರಿಂ ೮೦, ಸಲ್ಫಾಮೆಥಾಕ್ಸಜೋಲ್ ೪೦೦ ಮಿಲಿಗ್ರಾಂ. ದ್ರವದ ೫ ಮಿಲಿಲೀಟರಿನಲ್ಲಿ ೪೦ ಮತ್ತು ೨೦೦. ಅನುಪಾತ ಎರಡರಲ್ಲಿಯೂ ಒಂದಕ್ಕೆ ಐದು. ಆದುದರಿಂದ ೧೦ ಮಿಲಿಲೀಟರು ಒಂದು ಗುಳಿಗೆಗೆ ನೇರವಾಗಿ ಸಮ. ಬರಿಯ ಅಮಾಕ್ಸಿಸಿಲಿನ್ ಆದರೂ ಲೆಕ್ಕ ಸುಲಭ, ಆದರೆ ಗಾತ್ರ ನಗೆ ಬರಿಸುವಂಥದು. ೫ ಮಿಲಿಲೀಟರಿಗೆ ೧೨೫ ಮಿಲಿಗ್ರಾಂ ಇರುವ ಸೀಸೆಯಿಂದ ದೊಡ್ಡವರಿಗೆ ೫೦೦ರ ಒಂದು ಗುಟುಕು ಬೇಕಾದರೆ ೨೦ ಮಿಲಿಲೀಟರ್. ದಿನಕ್ಕೆ ಮೂರು ಸಲದಂತೆ ಐದು ದಿನಕ್ಕೆ ೩೦೦ ಮಿಲಿಲೀಟರ್. ಎಂದರೆ ೬೦ ಮಿಲಿಲೀಟರಿನ ಸೀಸೆಗಳು ಐದು. ಹದಿನೈದು ಗುಳಿಗೆಗಳು ಅಂಗೈಯಲ್ಲಿ ಹಿಡಿಯುವಾಗ ಐದು ಸೀಸೆಗಳನ್ನು ಚೀಲದಲ್ಲಿ ತರಬೇಕು. ಅಷ್ಟು ದ್ರವದ ಜೊತೆಗೆ ರುಚಿಗಾಗಿ ಬೆರೆಸಿದ ಸಕ್ಕರೆಯೂ ಹೊಟ್ಟೆ ಸೇರುತ್ತದೆಂಬುದನ್ನು ಸಕ್ಕರೆ ಕಾಯಿಲೆಯವರು ನೆನೆಯಬೇಕು.

ಇನ್ನು ಕೆಲವು ಔಷಧಗಳಲ್ಲಿ ತೂಕ ಸರಿಹೋದರೂ ಗುಣ ಸರಿಹೋಗುವುದಿಲ್ಲ. ಸೆಫುರಾಕ್ಸಿಂ ಆಕ್ಸೆಟಿಲ್ ಎಂಬುದರ ಗುಳಿಗೆಯೂ ದ್ರವವೂ ರಕ್ತಕ್ಕೆ ಸೇರುವ ರೀತಿಯಲ್ಲಿ ಸಮಾನವಲ್ಲ; ಮಿಲಿಗ್ರಾಮಿಗೆ ಮಿಲಿಗ್ರಾಂ ಎಂದು ಒಂದರ ಬದಲು ಇನ್ನೊಂದನ್ನು ಕೊಡಕೂಡದೆಂದು ಅದರ ವಿವರಣಪತ್ರದಲ್ಲಿಯೇ ಎಚ್ಚರಿಕೆಯುಂಟು. ಮೆಟ್ರೊನಿಡಜೋಲ್ ಇನ್ನೂ ವಿಚಿತ್ರ. ಗುಳಿಗೆಯಲ್ಲಿರುವುದು ಮೆಟ್ರೊನಿಡಜೋಲ್, ಅದು ಕಡು ಕಹಿ. ಮಕ್ಕಳು ಉಗುಳದಿರಲೆಂದು ದ್ರವದಲ್ಲಿ ಅದರ ಬೆಂಜೋಯೇಟ್ ರೂಪವನ್ನು ಬಳಸುತ್ತಾರೆ. ಅದಕ್ಕೆ ರುಚಿಯೇ ಇಲ್ಲ. ಹೊಟ್ಟೆಯೊಳಗೆ ಅದು ಒಡೆದು ಮತ್ತೆ ಮೆಟ್ರೊನಿಡಜೋಲ್ ಆಗುತ್ತದೆ. ಗುಳಿಗೆಯನ್ನು ಊಟದೊಡನೆ ನುಂಗುವುದು ವಾಡಿಕೆ. ದ್ರವವನ್ನು ಊಟಕ್ಕೆ ಒಂದು ಗಂಟೆ ಮೊದಲು ಕುಡಿಯುವುದು ಉತ್ತಮ. ರೂಪ ಬದಲಾಯಿತೆಂದರೆ ಕಾಲವೂ ಬದಲಾಯಿತು.

ತತ್ಸಮ ತದ್ಭವಗಳ ಪಾಠ ಹೇಳುವವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಗುಟಿಕಾ ಶಬ್ದ ಗುಳಿಗೆಯಾದಾಗ ರೂಪ ಬದಲಾಯಿತು, ಅರ್ಥ ಉಳಿಯಿತು. ವರ್ಣ ಶಬ್ದ ಬಣ್ಣವಾದಾಗ ಅರ್ಥವೂ ಕುಗ್ಗಿತು. ವರ್ಣವೆಂದರೆ ಅಕ್ಷರವೂ ಹೌದು, ಬಣ್ಣವೆಂದರೆ ಅಕ್ಷರವಲ್ಲ. ಎಲ್ಲಿ ಅರ್ಥ ಉಳಿಯಿತು, ಎಲ್ಲಿ ಜಾರಿತೆಂಬುದನ್ನು ನಿಘಂಟು ನೋಡಿಯೇ ತಿಳಿಯಬೇಕು. ಊಹೆಗೆ ಅಲ್ಲಿ ಎಡೆಯಿಲ್ಲ. ಔಷಧದ ರೂಪಾಂತರದಲ್ಲಿ ಆ ನಿಘಂಟು ಯಾವುದೆಂದರೆ ಚೀಟಿ ಬರೆದ ವೈದ್ಯರೇ.

ರೂಪವನ್ನು ಬದಲಾಯಿಸುವವರು ತಿಳಿದವರೇ ಆದರೂ ಪರೀಕ್ಷೆಯಿಲ್ಲದೆ ಬದಲಾಯಿಸಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕಾ ದೇಶದ ಒಂದು ಪ್ರಸಂಗ ಚರಿತ್ರೆಯಲ್ಲಿ ಉಳಿದಿದೆ. ಮೇಲೆ ಹೇಳಿದ ಸಲ್ಫಾಮೆಥಾಕ್ಸಜೋಲಿನ ಹಿರಿಯ ಬಂಧುವಾದ ಸಲ್ಫಾನಿಲಮೈಡ್ ೧೯೩೦ರ ದಶಕದಲ್ಲಿ ಗುಳಿಗೆಯಾಗಿಯೂ ಪುಡಿಯಾಗಿಯೂ ಸಿಗುತ್ತಿತ್ತು. ಗಂಟಲಿನ ಸೋಂಕಿಗೆ ಅದ್ಭುತ ಔಷಧವೆಂಬ ಹೆಸರು ಪಡೆದಿತ್ತು. ದ್ರವರೂಪಕ್ಕೆ ಬೇಡಿಕೆಯಿದೆಯೆಂದು ಮಾರಾಟಗಾರರು ತಿಳಿಸಿದ್ದರಿಂದ ಟೆನೆಸ್ಸಿ ಪ್ರಾಂತದ ಮ್ಯಾಸೆಂಗಿಲ್ ಎಂಬ ಕಂಪನಿಯು ೧೯೩೭ರಲ್ಲಿ ಅದನ್ನು ದ್ರವವಾಗಿಸಲು ಹೊರಟಿತು. ಸಲ್ಫಾನಿಲಮೈಡ್ ನೀರಿನಲ್ಲಿ ಸುಲಭವಾಗಿ ಕರಗದು. ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿತು. ರಾಸ್ಪ್‌ಬೆರಿ ಹಣ್ಣಿನ ರುಚಿ ಕೂಡಿಸಿದರು. ರುಚಿ, ಬಣ್ಣ, ವಾಸನೆ ಮೂರನ್ನೂ ಪರೀಕ್ಷಿಸಿದರು. ವಿಷವೋ ಅಲ್ಲವೋ ಎಂಬುದನ್ನು ಮಾತ್ರ ಪರೀಕ್ಷಿಸಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಮೂತ್ರಪಿಂಡಗಳನ್ನು ನಾಶಮಾಡುವ ವಿಷ. ನೂರಕ್ಕೂ ಮಿಕ್ಕಿ ಜನ ಸತ್ತರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಮಕ್ಕಳು.

ಈ ಪ್ರಸಂಗದಲ್ಲಿ ಭಾಷಾಭ್ಯಾಸಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ವಿಷವನ್ನು ಔಷಧವೆಂದು ಮಾರಿದ್ದಕ್ಕೆ ಶಿಕ್ಷಿಸುವ ಕಾನೂನು ಆಗ ಆ ದೇಶದಲ್ಲಿರಲಿಲ್ಲ. ಕಂಪನಿ ಆ ದ್ರವಕ್ಕೆ ಎಲಿಕ್ಸಿರ್ ಎಂದು ಹೆಸರಿಟ್ಟಿತ್ತು. ಎಲಿಕ್ಸಿರ್ ಎಂದರೆ ಅದರಲ್ಲಿ ಮದ್ಯಸಾರವಿರಬೇಕು. ಈ ಸೀಸೆಗಳಲ್ಲಿ ಅದಿರಲಿಲ್ಲ. ಹೆಸರು ತಪ್ಪೆಂಬ ಒಂದೇ ಕಾರಣವನ್ನು ಹಿಡಿದು ಅಧಿಕಾರಿಗಳು ಸೀಸೆಗಳನ್ನು ಊರೂರು ಅಲೆದು ಹಿಂದಕ್ಕೆ ತಂದರು. ಒಂದು ಶಬ್ದದ ಅರ್ಥ ಅಷ್ಟು ಜನರ ಪ್ರಾಣ ಕಾಯಿತು. ಮರುವರ್ಷ, ೧೯೩೮ರಲ್ಲಿ, ಮಾರುವ ಮೊದಲು ಔಷಧ ನಿರಪಾಯವೆಂದು ತೋರಿಸಬೇಕೆಂಬ ಶಾಸನ ಅಲ್ಲಿ ಬಂದಿತು.

ಅದು ದೂರದೇಶದ ಹಳೆಯ ಕಥೆಯೆಂದು ಬದಿಗಿಡುವಂತಿಲ್ಲ. ೧೯೮೬ರಲ್ಲಿ ಮುಂಬಯಿಯಲ್ಲಿ, ೨೦೨೨ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ, ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇದೇ ವಿಷ ದ್ರವೌಷಧಗಳೊಳಗೆ ಸೇರಿ ಜೀವಗಳನ್ನು ತೆಗೆಯಿತು. ಛಿಂದ್ವಾಡಾ ಪ್ರದೇಶವೊಂದರಲ್ಲಿಯೇ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಕೆಮ್ಮಿನ ಔಷಧ ಕುಡಿದು ಸತ್ತರು. ಪ್ರತಿಜೀವಕದ ಒಣಪುಡಿಗೆ ಮನೆಯ ನೀರು ಬೆರೆಸುವಲ್ಲಿ ಈ ದ್ರಾವಕದ ಪ್ರಶ್ನೆ ಬರುವುದಿಲ್ಲವೆಂಬುದು ಸಮಾಧಾನದ ವಿಷಯ. ಆದರೂ ದ್ರವವೆಂದೊಡನೆ ಮೃದು, ಸಿಹಿಯೆಂದೊಡನೆ ನಿರಪಾಯ ಎಂಬ ನಂಬಿಕೆಗೆ ಆಧಾರವಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಗುಳಿಗೆಯನ್ನೇ ಕುಟ್ಟಿ ನೀರಿನಲ್ಲಿ ಕಲಸಿ ಮನೆಯಲ್ಲಿಯೇ ದ್ರವ ಮಾಡಿಕೊಳ್ಳುವವರ ವಿಚಾರ. ಕೆಲವು ಗುಳಿಗೆಗಳ ಮೇಲಿನ ಲೇಪ ಬರಿಯ ಅಂದಕ್ಕಾಗಿ ಅಲ್ಲ. ಜಠರದ ಹುಳಿಯಿಂದ ಔಷಧವನ್ನು ಕಾಯುವುದಕ್ಕೆ. ಎಸ್.ಆರ್., ಇ.ಆರ್., ಎಕ್ಸ್.ಎಲ್. ಎಂಬ ಅಕ್ಷರಗಳು ಹೆಸರಿನ ಮುಂದಿದ್ದರೆ ಅದು ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆಗಳ ಕಾಲ ಮೆಲ್ಲಗೆ ಬಿಡುಗಡೆಯಾಗಬೇಕಾದ ಔಷಧ. ಕುಟ್ಟಿದರೆ ಒಂದು ದಿನದ ಔಷಧವೆಲ್ಲ ಒಂದೇ ಗಳಿಗೆಯಲ್ಲಿ ರಕ್ತಕ್ಕೆ ನುಗ್ಗುತ್ತದೆ. ಡಾಕ್ಸಿಸೈಕ್ಲಿನ್ ಎಂಬುದನ್ನು ಸಾಕಷ್ಟು ನೀರಿಲ್ಲದೆ ನುಂಗಿ ಮಲಗಿದರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ. ಅನುಪಾನದ ವಿಷಯದಲ್ಲಿಯೂ ಎಲ್ಲ ಪ್ರತಿಜೀವಕಗಳೂ ಒಂದೇ ಅಲ್ಲ: ಅಮಾಕ್ಸಿಸಿಲಿನ್ನಿಗೆ ಹಾಲು ಶತ್ರುವಲ್ಲ, ಸಿಪ್ರೊಫ್ಲಾಕ್ಸಸಿನ್ನನ್ನು ಬರಿಯ ಹಾಲಿನೊಡನೆ ಕೊಟ್ಟರೆ ಹಾಲಿನ ಸುಣ್ಣದಂಶ ಅದನ್ನು ಕಟ್ಟಿ ರಕ್ತಕ್ಕೆ ಸೇರದಂತೆ ಮಾಡುತ್ತದೆ. ಮಗುವಿಗೆ ಲೋಟ ತುಂಬ ಹಾಲಿನಲ್ಲಿ ಔಷಧ ಕಲಸುವ ತಾಯಂದಿರು ಇನ್ನೊಂದನ್ನು ನೆನೆಯಬೇಕು. ಮಗು ಅರ್ಧ ಲೋಟ ಬಿಟ್ಟರೆ ಅರ್ಧ ಔಷಧವನ್ನೇ ಬಿಟ್ಟಂತೆ.

ದ್ರವವೇ ಯಾವಾಗಲೂ ಸುಲಭವೆಂಬುದೂ ತಪ್ಪು. ಪಾರ್ಶ್ವವಾಯು ಹೊಡೆದ ಹಿರಿಯರಿಗೆ ತೆಳ್ಳನೆಯ ದ್ರವವೇ ಹೆಚ್ಚು ಅಪಾಯಕರ. ಅದು ಅನ್ನನಾಳವನ್ನು ಬಿಟ್ಟು ಶ್ವಾಸನಾಳಕ್ಕೆ ಇಳಿದು ಹೊಸ ನ್ಯುಮೋನಿಯಾವನ್ನು ತರಬಹುದು. ಮಕ್ಕಳಿಗೂ ಸೀಸೆಯೇ ಸರ್ವೋತ್ತಮವೆಂಬ ಅಭಿಪ್ರಾಯವನ್ನು ವಿಶ್ವ ಆರೋಗ್ಯ ಸಂಸ್ಥೆ ಕೈಬಿಟ್ಟು ಬಹಳ ಕಾಲವಾಯಿತು. ಸೀಸೆ ಭಾರ, ಒಡೆಯುತ್ತದೆ, ತಂಪು ಬೇಡುತ್ತದೆ, ಅಳತೆ ತಪ್ಪುತ್ತದೆ. ಆದುದರಿಂದ ನೀರಿನಲ್ಲಿ ಅಥವಾ ತಾಯಿಯ ಹಾಲಿನಲ್ಲಿ ಹಾಕಿದೊಡನೆ ಹರಡಿಕೊಳ್ಳುವ ಗುಳಿಗೆಗಳನ್ನು ಅದು ಮಕ್ಕಳಿಗೆ ಮೇಲೆಂದು ಎಣಿಸುತ್ತದೆ. ಮಕ್ಕಳ ನ್ಯುಮೋನಿಯಾಕ್ಕೆ ೨೫೦ ಮಿಲಿಗ್ರಾಮಿನ ಅಂಥ ಅಮಾಕ್ಸಿಸಿಲಿನ್ ಗುಳಿಗೆಯನ್ನು ಸೂಚಿಸಿದೆ. ನಮ್ಮ ಅಂಗಡಿಗಳಲ್ಲಿ ಡಿ.ಟಿ. ಎಂಬ ಎರಡಕ್ಷರ ಹೆಸರಿನ ಕೊನೆಗೆ ಇರುವುದು ಇವುಗಳಿಗೇ. ಒಣಗಿದಾಗ ಗುಳಿಗೆ, ಬೇಕಾದಾಗ ದ್ರವ; ಏಳು ದಿನದ ಗಡುವಿಲ್ಲ, ಫ್ರಿಜ್ಜಿನ ಹಂಗಿಲ್ಲ. ವಿದ್ಯುತ್ತು ಹೋಗಿಬಂದು ಮಾಡುವ ಹಳ್ಳಿಗಳಿಗೆ ಇದಕ್ಕಿಂತ ಒಪ್ಪುವ ರೂಪ ಇನ್ನೊಂದಿಲ್ಲ. ಆದರೂ ನಮ್ಮವರಿಗೆ ಸೀಸೆಯ ಮೇಲೆಯೇ ಮನಸ್ಸು. ದೊಡ್ಡ ದವಾಖಾನೆಗೆ ಹೋಗಿ ಬಂದದ್ದಕ್ಕೆ ಕೈಯಲ್ಲೊಂದು ಸೀಸೆ ಇರಲೇಬೇಕೆಂಬ ಭಾವನೆ ಇನ್ನೂ ಹೋಗಿಲ್ಲ.

ಪ್ರತಿಜೀವಕಗಳು ಕನ್ನಡ ನಾಡಿಗೆ ಪರಕೀಯವಾಗಿ ಉಳಿದಿಲ್ಲವೆಂಬುದನ್ನೂ ಪ್ರಾಸಂಗಿಕವಾಗಿ ಹೇಳಬಹುದು. ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಅದರ ಮತ್ತು ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮದ ಸಹಯೋಗದಿಂದ ೧೯೮೧ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಹುಟ್ಟಿತು. ಹದಿನಾಲ್ಕನೆಯ ಶತಮಾನದಲ್ಲಿಯೇ ವಿಷಚಿಕಿತ್ಸೆಯನ್ನು ಕುರಿತು ಮಂಗರಾಜನು ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿ ಬರೆದ ನಾಡಿದು. ಅಂಥ ನಾಡಿನಲ್ಲಿ ಔಷಧದ ಸೀಸೆಯ ಮೇಲಿನ ಸೂಚನೆಗಳು ಕನ್ನಡದಲ್ಲಿ ದೊರೆಯುವುದು ಇಂದಿಗೂ ಅಪರೂಪವೆಂಬುದು ನಾಚಿಕೆಯ ಸಂಗತಿ. ಗೆರೆಯವರೆಗೆ ನೀರು, ಕುಲುಕಿ ಕು‌ಡಿಸಿ, ಏಳು ದಿನ ಎಂಬ ಮೂರು ಮಾತು ಕನ್ನಡದಲ್ಲಿ ದಪ್ಪಕ್ಷರದಲ್ಲಿದ್ದರೆ ಆ ಸೊಸೆ ಓದದೆ ಇರುತ್ತಿರಲಿಲ್ಲ.

ಆಕೆಯ ಮನೆಗೆ ಮರಳಿದರೆ, ಮಾಡಬೇಕಾಗಿದ್ದುದು ಬಹಳ ಸುಲಭವಾದ ಕೆಲಸ. ಮಗನೋ ಸೊಸೆಯೋ ಗುಳಿಗೆಯ ಹಾಳೆಯನ್ನೂ ಚೀಟಿಯನ್ನೂ ಹಿಡಿದು ವೈದ್ಯರ ಬಳಿಗೆ ಹೋಗಿ, ಇಲ್ಲವೆ ದೂರವಾಣಿಯಲ್ಲಿ, ಮೂರು ಸಂಗತಿಗಳನ್ನು ತಿಳಿಸಬೇಕು: ಅಜ್ಜಿಗೆ ಗುಳಿಗೆ ನುಂಗಲಾಗುತ್ತಿಲ್ಲ, ಆಕೆಗೆ ಸಕ್ಕರೆ ಕಾಯಿಲೆಯುಂಟು, ಇದುವರೆಗೆ ಇಷ್ಟು ಗುಳಿಗೆ ಹೊಟ್ಟೆ ಸೇರಿದೆ. ಆಗ ವೈದ್ಯರು ಸರಿಹೊಂದುವ ದ್ರವವನ್ನು ಮಿಲಿಲೀಟರಿನ ಲೆಕ್ಕದಲ್ಲಿ ಬರೆದುಕೊಡಬಹುದು, ಬೇರೆ ಪ್ರತಿಜೀವಕಕ್ಕೇ ಬದಲಾಯಿಸಬಹುದು. ಎಷ್ಟೋ ಸಲ ಬದಲಾವಣೆಯೇ ಬೇಕಾಗುವುದಿಲ್ಲ. ಲೇಪಕ್ಕೆ ಕಾಯುವ ಕೆಲಸವಿಲ್ಲದ ೬೨೫ರ ಸಾಧಾರಣ ಗುಳಿಗೆಯನ್ನು ಎರಡು ಹೋಳು ಮಾಡಿ ಎರಡನ್ನೂ ಆಗಿಂದಾಗಲೇ ಒಂದರ ಹಿಂದೊಂದು ನುಂಗಿಸುವುದುಂಟು. ಊಟದ ಮೊದಲ ತುತ್ತುಗಳ ಜೊತೆಗೆ ಕೊಟ್ಟರೆ ಈ ಔಷಧ ಹೊಟ್ಟೆಗೂ ಹಿತ. ನಮ್ಮ ಹಿರಿಯರು ಗುಳಿಗೆ ಬಾಯಿಗಿಟ್ಟು ತಲೆಯನ್ನು ಹಿಂದಕ್ಕೆ ಎತ್ತುತ್ತಾರೆ. ಹಾಗೆ ಮಾಡಿದರೆ ಗಂಟಲು ಬಿಗಿಯುತ್ತದೆ. ನೆಟ್ಟಗೆ ಕುಳಿತು, ಮೊದಲು ಒಂದು ಗುಟುಕು ನೀರಿನಿಂದ ಗಂಟಲು ತೋಯಿಸಿ, ತಲೆಯನ್ನು ನೇರವಾಗಿರಿಸಿ ಅಥವಾ ಕೊಂಚ ಬಾಗಿಸಿ ನುಂಗಿದರೆ ಸರಾಗವಾಗಿ ಇಳಿಯುತ್ತದೆ.

ವೈದ್ಯರು ಹೇಳಿದಂತೆ ಆ ರಾತ್ರಿ ಸೊಸೆ ರೊಟ್ಟಿಯ ತಟ್ಟೆಯ ಪಕ್ಕದಲ್ಲಿ ಎರಡು ಹೋಳುಗಳನ್ನಿಟ್ಟಳು. ಅಜ್ಜಿ ಮೊಸರನ್ನದ ಎರಡು ತುತ್ತು ಉಂಡು ಮೊದಲ ಹೋಳನ್ನು ನುಂಗಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯದಕ್ಕೆ ತಾನೇ ಕೈ ನೀಡಿದಳು. ಗೂಡಿನ ಸೀಸೆಯಲ್ಲಿದ್ದುದನ್ನು ಮೊಮ್ಮಗನ ಕೈಗೆ ಸಿಗದಂತೆ ಅಂದೇ ತೆಗೆದುಹಾಕಿ, ಗೆರೆಯುಳ್ಳ ಮುಚ್ಚಳವನ್ನು ಮಾತ್ರ ತೊಳೆದು ಇಟ್ಟುಕೊಂಡರು.